ಗೊತ್ತಿರುವ ಕಥೆಯ ಗೊತ್ತಿಲ್ಲದ ಜಾಗ

ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೂ ತಿಣುಕುತ್ತಿದ್ದಾನೆ ಎಂದು ಕುಮಾರವ್ಯಾಸ ಗೊಣಗಿದ್ದು 15ನೇ ಶತಮಾನದಲ್ಲಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಬರೆಯಲು ಕೂತ ಹೊಸಬರು ‘ಎಲ್ಲವನ್ನೂ ಯಾರೋ ಆಗಲೇ ಬರೆದಾಗಿದೆಯಲ್ಲ’ ಎಂದು ಪೆನ್ನು ಕಚ್ಚುವ ಸಂಕಟ ಹಾಗಾದರೆ ಇವತ್ತಿನದಲ್ಲ. ತಮಾಷೆಯೆಂದರೆ, ಹಾಗೆ ಗೊಣಗಿದ ಕುಮಾರವ್ಯಾಸ ಹೊಸ ಕಥೆಯನ್ನೇನೂ ಕಟ್ಟಲಿಲ್ಲ. ಪಂಪ 941ರಲ್ಲೇ ಹೇಳಿ ಮುಗಿಸಿದ್ದ, ರನ್ನ ಮತ್ತೊಮ್ಮೆ ಕೈಹಾಕಿದ್ದ ಭಾರತವನ್ನೇ ಎತ್ತಿಕೊಂಡ. ರಾಮಾಯಣದ ಕಡೆಯವರೂ ಅವನ ದೂರಿಗೆ ಸೊಪ್ಪು ಹಾಕಲಿಲ್ಲ. ಅವನಾದ ಮೇಲೆ ತೊರವೆಯ ನರಹರಿ ಬಂದ. 20ನೇ ಶತಮಾನದಲ್ಲಿ ಕುವೆಂಪು ಬಂದು, ಅಗ್ನಿಪರೀಕ್ಷೆಯಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಆದಿಶೇಷ ಇನ್ನೂ ತಡೆದುಕೊಂಡಿದ್ದಾನೆ.

ಗೊತ್ತಿರುವ ಕಥೆಯನ್ನು ಹೊಸದು ಮಾಡುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಒಂದು ತಿರುವು ಕೊಡಿ. ಕೊನೆ ಬದಲಾಯಿಸಿ, ಕಾಲ ಬದಲಾಯಿಸಿ, ಗಂಡನ್ನು ಹೆಣ್ಣು ಮಾಡಿ, ರಾವಣನನ್ನು ನಾಯಕ ಮಾಡಿ, ಎಲ್ಲರನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತಂದು ಕೂರಿಸಿ. ಇದರಿಂದ ಒಳ್ಳೆಯ ಕಥೆ ಹುಟ್ಟುವುದೇ ಇಲ್ಲ ಎನ್ನಲಾರೆ. ಆದರೆ ಹುಟ್ಟಿದಾಗ ಅದು ತಿರುವಿನಿಂದ ಹುಟ್ಟಿದ್ದಲ್ಲ ಎಂಬುದು ನನ್ನ ವಾದ. ಓದುಗ ಆಕಳಿಸುವುದು ಮುಂದೇನಾಗುತ್ತದೆ ಎಂದು ಗೊತ್ತಿರುವುದರಿಂದ ಅಲ್ಲ. ಆಗುವುದರ ಬಗ್ಗೆ ತಾನು ಏನು ಅಂದುಕೊಳ್ಳಬೇಕು ಎಂಬುದನ್ನು ಕಥೆ ಮೊದಲೇ ನಿರ್ಧರಿಸಿ ಇಟ್ಟಿರುತ್ತದಲ್ಲ, ಅದಕ್ಕೆ. ಪ್ರತಿಯೊಂದು ಹಳೆಯ ಕಥೆಯೂ ಒಂದು ತೀರ್ಪನ್ನು ಸೆರಗಿಗೆ ಕಟ್ಟಿಕೊಂಡೇ ಬರುತ್ತದೆ. ಹಳಸುವುದು ಆ ತೀರ್ಪು. ಘಟನೆಗಳು ಹಳಸುವುದು ಕಡಿಮೆ.

ಈ ಪ್ರಶ್ನೆಯನ್ನು ನಮ್ಮ ಹಳಬರು ಯೋಚಿಸದೆ ಬಿಟ್ಟಿಲ್ಲ. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಇಬ್ಬರು ಕವಿಗಳ ನಡುವಿನ ಹೋಲಿಕೆಯನ್ನು ಮೂರು ಬಗೆಯಾಗಿ ನೋಡುತ್ತಾನೆ: ಕನ್ನಡಿಯ ಬಿಂಬದಂತೆ, ಚಿತ್ರದಂತೆ, ಇಬ್ಬರು ಬೇರೆ ಬೇರೆ ಮನುಷ್ಯರ ನಡುವಿನ ಹೋಲಿಕೆಯಂತೆ. ಮೊದಲಿನೆರಡನ್ನು ಬಿಡಬೇಕು, ಮೂರನೆಯದಕ್ಕೆ ಅಡ್ಡಿಯಿಲ್ಲ ಎಂಬುದು ಅವನ ಮಾತು. ಅಣ್ಣತಮ್ಮಂದಿರ ಮುಖ ಒಂದೇ ಥರ ಇದ್ದರೂ ಅಣ್ಣನಿಗೆ ಕೊಟ್ಟ ಸಾಲವನ್ನು ಯಾರೂ ತಮ್ಮನ ಹತ್ತಿರ ವಸೂಲಿ ಮಾಡುವುದಿಲ್ಲವಷ್ಟೆ. ಒಳಗೆ ಬೇರೆ ಜೀವ ಇದ್ದರೆ ಮುಖದ ಹೋಲಿಕೆ ದೋಷವಲ್ಲ. ಆ ಬೇರೆ ಜೀವ ಎಲ್ಲಿಂದ ಬರುತ್ತದೆ ಎಂಬುದೇ ಕಷ್ಟದ ಪ್ರಶ್ನೆ.

ರನ್ನನನ್ನು ನೋಡಿ. ‘ಗದಾಯುದ್ಧ’ದ ವಸ್ತುವಿಗೆ ಅವನು ದೂರ ಹೋಗಿಲ್ಲ, ಪಂಪಭಾರತದ 13ನೇ ಆಶ್ವಾಸದಲ್ಲೇ ಅದರ ಬೀಜವಿದೆ. ಪಂಪನಿಗೆ ಅದು ದೊಡ್ಡ ಕಥೆಯ ಕೊನೆಯ ಹಂತ, ಮುಗಿಸಿ ಪಟ್ಟಾಭಿಷೇಕಕ್ಕೆ ಹೋಗಬೇಕು. ರನ್ನ ಅಲ್ಲೇ ಕೂತುಬಿಟ್ಟ. ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ದ್ರೋಣನ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ ನಿಲ್ಲುತ್ತಾನೆ, ಕರ್ಣನ ಮುಂದೆ ನಿಂತು ಕುಸಿಯುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಆ ಹುಡುಗನ ಶೌರ್ಯಕ್ಕೆ ತಲೆಬಾಗಿ, ತನಗೂ ಅಂಥ ಸಾವು ಬರಲಿ ಎಂದು ಬಯಸುತ್ತಾನೆ. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಬರೆದದ್ದು. ಅಂದರೆ ತೀರ್ಪು ಹೊರಗಿನಿಂದ ಬಂದಿತ್ತು, ಅದನ್ನು ಮೀರುವ ಸ್ವಾತಂತ್ರ್ಯ ಕವಿಗೆ ಇರಲಿಲ್ಲ. ಗೆಲ್ಲಬೇಕಾದ ಭೀಮನೇ ಗೆಲ್ಲುತ್ತಾನೆ, ತೊಡೆ ಮುರಿಯುತ್ತದೆ, ಒಂದು ಘಟನೆಯೂ ಬದಲಾಗುವುದಿಲ್ಲ. ಆದರೂ ಸಾವಿರ ವರ್ಷದಿಂದ ಓದಿದವರ ಕಣ್ಣಲ್ಲಿ ನೀರು ಬಂದಿರುವುದು ಸೋತವನಿಗಾಗಿ. ಹಿಂದಿನವನು ಬೇಗ ದಾಟಿದ ಜಾಗದಲ್ಲಿ ರನ್ನ ತಡೆದು ನಿಂತ, ಅಷ್ಟೇ.

ಹಾಗಾದರೆ ಭಾಷೆಗೆ ಪಾಲಿಲ್ಲವೇ, ಬರೀ ಮಾತಿನ ಬಲದಿಂದಲೇ ಕಥೆ ಹೊಸದಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕುಮಾರವ್ಯಾಸನ ದ್ರೌಪದಿ ವಿರಾಟನ ಅಡುಗೆಮನೆಗೆ ರಾತ್ರಿ ಹೋಗಿ ಭೀಮನನ್ನು ಎಬ್ಬಿಸುವ ಸನ್ನಿವೇಶ ವ್ಯಾಸನಲ್ಲೂ ಇದೆ. ಆದರೆ ಐದು ಜನ ಗಂಡಂದಿರಿದ್ದೂ ತನ್ನ ಗತಿ ಇದಾಯಿತಲ್ಲ ಎಂದು ಅವಳು ಹರಿಹಾಯುವ ಧಾಟಿ ನಮ್ಮ ಹಿತ್ತಲಿನದು, ಗದುಗಿನ ಕಡೆಯದು. ಹಾಗೆ ಮಾತಾಡಿದ ಕ್ಷಣ ಅವಳು ಮಹಾಕಾವ್ಯದ ಪತಿವ್ರತೆಯ ಪೀಠದಿಂದ ಇಳಿದು, ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಅಳೆಯಬಲ್ಲ ಹೆಂಗಸಾಗುತ್ತಾಳೆ. ಇಲ್ಲಿ ಭಾಷೆ ಮಾಡಿದ ಕೆಲಸವೂ ತೀರ್ಪನ್ನು ಅಲುಗಾಡಿಸುವುದೇ. ಚೆಂದದ ಭಾಷೆಯಿದ್ದೂ ತೀರ್ಪು ಅಲುಗದ ಮರುಕಥನಗಳು ನಮ್ಮಲ್ಲಿ ರಾಶಿ ಬಿದ್ದಿವೆ, ಹೆಸರು ಹೇಳುವುದು ಬೇಡ.

ನನಗೆ ಈ ವಿಷಯದಲ್ಲಿ ಮತ್ತೆ ಮತ್ತೆ ಹೋಗಿ ನೋಡಬೇಕೆನಿಸುವುದು ಯಶೋಧರನ ಕಥೆ. ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆಯುವ ಹೊತ್ತಿಗೆ ಅದು ಸಂಸ್ಕೃತದಲ್ಲಿ, ಅಪಭ್ರಂಶದಲ್ಲಿ ಓಡಾಡಿ ಸವೆದಿದ್ದ ಕಥೆ. ರಾಣಿ ಅಮೃತಮತಿ ನಸುಕಿನಲ್ಲಿ ಕೇಳಿದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಮೈಯೆಲ್ಲ ಸೊಟ್ಟಗಿರುವ ಮಾವುತ. ತಡವಾಗಿ ಬಂದಳೆಂದು ಅವನು ಹೊಡೆದರೆ ರಾಣಿ ಅಂಗಲಾಚುತ್ತಾಳೆ. ಮರೆಯಲ್ಲಿ ನಿಂತು ನೋಡಿದ ರಾಜ ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಮರುದಿನ ಅವನು ಸರಸಕ್ಕೆಂಬಂತೆ ನೈದಿಲೆ ಹೂವಿನಿಂದ ತಟ್ಟಿದರೆ, ರಾತ್ರಿ ಅಷ್ಟು ಪೆಟ್ಟು ತಿಂದವಳು ಮೂರ್ಛೆ ಬಿದ್ದಂತೆ ನಟಿಸುತ್ತಾಳೆ. ರಾಜ ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುವ ಮಗ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ರಾಣಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ನಾಯಿ, ನವಿಲು ಎಂದು ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ.

ಜೈನ ಕಥೆಯ ತೀರ್ಪು ನಿಚ್ಚಳ: ಕೊಲ್ಲುವ ಸಂಕಲ್ಪವೇ ಹಿಂಸೆ, ಕೋಳಿ ಹಿಟ್ಟಿನದಾದರೂ ಪಾಪ ನಿಜದ್ದು. ಜನ್ನ ಅದನ್ನು ಅಲ್ಲಗಳೆಯುವುದಿಲ್ಲ. ಅವನು ಶ್ರದ್ಧೆಯುಳ್ಳ ಜೈನಕವಿ. ಆದರೆ ನೆನಪಿನಲ್ಲಿ ಉಳಿಯುವುದು ಆ ನೀತಿಯೇ? ಆ ಹಾಡು, ಆ ಪೆಟ್ಟು, ಆ ಹೂವು. ಇಷ್ಟೆಲ್ಲ ಇದ್ದ ರಾಣಿ ಆ ಮಾವುತನಲ್ಲಿ ಏನನ್ನು ಕಂಡಳು ಎಂಬ ಪ್ರಶ್ನೆಯನ್ನು ನೀತಿಯ ಪಕ್ಕದಲ್ಲೇ ಜನ್ನ ತೆರೆದಿಟ್ಟು ಬಿಡುತ್ತಾನೆ, ಉತ್ತರ ಹೇಳುವ ಅವಸರ ಅವನಿಗಿಲ್ಲ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಬಂದದ್ದು 1980ರಲ್ಲಿ, ಜನ್ನನಿಂದ ಏಳುನೂರು ಚಿಲ್ಲರೆ ವರ್ಷ ಈಚೆಗೆ. ಅವರು ಜನ್ಮಾಂತರಗಳನ್ನೆಲ್ಲ ಕತ್ತರಿಸಿ ಹಾಕಿದರು. ಉಳಿದದ್ದು ಒಂದು ರಾತ್ರಿ, ನಾಲ್ಕು ಜನ: ರಾಜ, ರಾಣಿ, ರಾಜಮಾತೆ, ಮಾವುತ. ಇದನ್ನು ಕತ್ತರಿ ಪ್ರಯೋಗ ಎನ್ನಬಹುದು. ಕತ್ತರಿಗಿಂತ ಮುಖ್ಯವಾದದ್ದು ಬೇರೆ ಇದೆ. ಕಾರ್ನಾಡರಲ್ಲಿ ರಾಣಿ ಜೈನಳು, ರಾಜ ಅವಳಿಗಾಗಿ ಮತ ಬದಲಿಸಿದವನು, ತಾಯಿ ಇನ್ನೂ ಬಲಿ ಕೊಡುವವಳು. ಹಿಟ್ಟಿನ ಕೋಳಿ ಈಗ ಪಾಪಪುಣ್ಯದ ಲೆಕ್ಕವನ್ನು ಮೀರಿ, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದ ಗಂಡಸು ಕಂಡುಕೊಂಡ ರಾಜಿಸೂತ್ರವಾಗುತ್ತದೆ. ಇಬ್ಬರಿಗೂ ನೋವಾಗಬಾರದು ಎಂದು ಅವನು ತಂದದ್ದು ಇಬ್ಬರನ್ನೂ ಇರಿಯುತ್ತದೆ. ಜನ್ನನ ಕಥೆಯಲ್ಲೂ ಆ ರಾಜಿ ಇತ್ತು. ಮುಂದಿನ ಜನ್ಮಗಳಿಗೆ ಹೋಗುವ ಬಾಗಿಲಾಗಿ ಮಾತ್ರ ಇತ್ತು. ಕಾರ್ನಾಡರಿಗೆ ಆ ಬಾಗಿಲೇ ಮನೆಯಾಯಿತು. ಜನ್ನ ನಿಂತ ಜಾಗ ಬೇರೆ, ಕಾರ್ನಾಡರು ನಿಂತ ಜಾಗ ಬೇರೆ. ಇಬ್ಬರೂ ನಿಂತದ್ದು ಒಂದೇ ಕಥೆಯೊಳಗೆ. ಇನ್ನೊಬ್ಬರಿಗೆ ಜಾಗ ಉಳಿದಿದೆಯೇ? ಆ ಮಾವುತ ಬಾಯಿಬಿಟ್ಟು ತನ್ನ ಮಾತು ಹೇಳಿದ್ದು ನನಗಿನ್ನೂ ಸಾಕಾಗಿಲ್ಲ.

ಹೀಗೆ ಹೇಳಿದ ಕೂಡಲೇ ಒಂದು ಅಪಾಯವನ್ನೂ ಹೇಳಬೇಕು. ‘ಯಯಾತಿ’ಯಲ್ಲಿ ಕಾರ್ನಾಡರು ಮೂಲದಲ್ಲಿಲ್ಲದ ಒಬ್ಬಳನ್ನು ತಂದರು. ತಂದೆಗೆ ಯೌವನ ಕೊಟ್ಟ ಪೂರುವಿಗೆ ಹೆಂಡತಿಯೊಬ್ಬಳಿದ್ದರೆ? ಪಿತೃಭಕ್ತಿಯ ಆದರ್ಶವೆಂದು ಹಾಡಿಹೊಗಳಿದ ತ್ಯಾಗದ ಬೆಲೆ ಕಟ್ಟಬೇಕಾದವಳು ಚಿತ್ರಲೇಖೆ. 1961ರಲ್ಲಿ ಅದು ಬೆಚ್ಚಿಬೀಳಿಸುವ ಪ್ರಶ್ನೆಯಾಗಿತ್ತು. ಈಗ ಅದೇ ದಾರಿ ಹೆದ್ದಾರಿಯಾಗಿದೆ. ಊರ್ಮಿಳೆ ಮಾತಾಡಿದ್ದಾಯಿತು, ಮಂಡೋದರಿ, ಅಹಲ್ಯೆ, ಗಾಂಧಾರಿ, ಶೂರ್ಪನಖಿ, ಎಲ್ಲರೂ ಮಾತಾಡಿದ್ದಾಯಿತು. ಬಹಳಷ್ಟು ಸಲ ಎಲ್ಲರೂ ಒಂದೇ ದನಿಯಲ್ಲಿ ಒಂದೇ ಮಾತು ಆಡುತ್ತಾರೆ: ನಮಗೆ ಅನ್ಯಾಯವಾಯಿತು. ಆಗಿದ್ದು ನಿಜ. ಆದರೆ ಮೊದಲ ಪುಟ ತೆರೆಯುವ ಮುನ್ನವೇ ಓದುಗನಿಗೂ ಅದು ಗೊತ್ತು. ಹಳೆಯ ತೀರ್ಪನ್ನು ತಿರುಗಿಸಿ ಹೊಸ ತೀರ್ಪು ಕೊಟ್ಟದ್ದಾಯಿತೇ ಹೊರತು ವಿಚಾರಣೆ ನಡೆಯಲಿಲ್ಲ. ಕುವೆಂಪು ಅವರ ಮಂಥರೆ ಇವತ್ತಿಗೂ ಹೊಸಬಳಾಗಿ ಕಾಣುವುದು ಅವಳು ನಿರಪರಾಧಿ ಎಂದು ಅವರು ಸಾಧಿಸಿದ್ದರಿಂದ ಅಲ್ಲ. ಭರತನ ಮೇಲಿನ ಮಮತೆಯಿಂದಲೇ ಅಷ್ಟು ದೊಡ್ಡ ಕೇಡು ಹುಟ್ಟುವುದನ್ನು ತೋರಿಸಿ ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದರಿಂದ.

ವಿಚಾರಣೆ ಎಂದರೆ ಏನು ಎಂದು ನೋಡಬೇಕಾದರೆ ಮಳೆಗಾಲದಲ್ಲಿ ಕರಾವಳಿಯ ಯಾವುದಾದರೂ ತಾಳಮದ್ದಳೆಗೆ ಹೋಗಿ ಕೂರಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪ್ರಸಂಗದ ಪದ್ಯ ಯಾವಾಗಲೋ ಬರೆದಿಟ್ಟದ್ದು, ಅದನ್ನು ಯಾರೂ ಬದಲಾಯಿಸುವಂತಿಲ್ಲ. ವಾಲಿ ಸಾಯುತ್ತಾನೆ ಎಂಬುದು ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಜನ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ. ಬಾಣ ತಗುಲಿ ಬಿದ್ದ ವಾಲಿ ಇವತ್ತು ರಾಮನನ್ನು ಯಾವ ಪ್ರಶ್ನೆಯಿಂದ ಹಿಡಿಯುತ್ತಾನೆ? ಮರೆಯಲ್ಲಿ ನಿಂತದ್ದನ್ನೋ, ಹೆಂಡತಿಯನ್ನು ಹುಡುಕಲು ತನ್ನನ್ನು ಬಿಟ್ಟು ತಮ್ಮನ ನೆರವು ಕೇಳಿದ್ದನ್ನೋ, ಕಪಿಗೆ ಮನುಷ್ಯರ ಧರ್ಮಶಾಸ್ತ್ರ ಅನ್ವಯಿಸಿದ್ದನ್ನೋ? ರಾಮನ ಪಾತ್ರಕ್ಕೆ ಸ್ಥಳದಲ್ಲೇ ಮಾತು ಕಟ್ಟುವ ಅರ್ಥಧಾರಿಗೂ ಅದು ಮೊದಲೇ ಗೊತ್ತಿರುವುದಿಲ್ಲ. ಗಟ್ಟಿ ಅರ್ಥಧಾರಿ ಎದುರಿಗಿದ್ದರೆ, ರಾಮನಾಗಿದ್ದರೂ ಸಲೀಸಾಗಿ ಗೆಲ್ಲಲು ಬಿಡುವುದಿಲ್ಲ. ಕಥೆಯ ಕೊನೆ ಭದ್ರವಾಗಿ ಕಟ್ಟಿಹಾಕಿರುವುದರಿಂದಲೇ ನಡುವಿನ ಮಾತಿಗೆ ಇಷ್ಟು ಸ್ವಾತಂತ್ರ್ಯ. ಮುಂದೇನು ಎಂಬ ಕುತೂಹಲವನ್ನು ಸಾಕುವ ಹೊಣೆ ಇಳಿದಾಗ ಕಲಾವಿದನ ಕೈ ಖಾಲಿಯಾಗುತ್ತದೆ, ಆ ಕೈಯಲ್ಲಿ ಬೇರೆ ಏನನ್ನಾದರೂ ಹಿಡಿಯಬಹುದು. ಪರಿಚಿತ ಕಥೆ ಬರಹಗಾರನಿಗೆ ಹೊರೆಯೆನ್ನುವವರು ಈ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪುರಾಣದ ಮಾತಾಯಿತು. ನಮ್ಮ ಕಾಲದ ಸವೆದ ಕಥೆಯೊಂದನ್ನು ತೆಗೆದುಕೊಳ್ಳೋಣ. ಮಗ ಅಮೆರಿಕದಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲೋ ಶಿವಮೊಗ್ಗೆಯಲ್ಲೋ ಇಬ್ಬರೇ. ಈ ಕಥೆ ಬರದ ವಿಶೇಷಾಂಕ ನಾನು ನೋಡಿಲ್ಲ. ಖಾಲಿ ಮನೆ, ಬಾರದ ಫೋನು, ಕೊನೆಗೆ ಒಂದು ಸಾವು, ವಿಮಾನದ ಟಿಕೆಟ್ಟು ಸಿಗದೆ ವಿಡಿಯೊದಲ್ಲಿ ನೋಡುವ ಅಂತ್ಯಕ್ರಿಯೆ. ಇದರಲ್ಲಿ ಮಗ ತಪ್ಪಿತಸ್ಥ, ಹೆತ್ತವರು ಅನಾಥರು ಎಂಬುದು ಶೀರ್ಷಿಕೆಯಲ್ಲೇ ತೀರ್ಮಾನವಾಗಿರುತ್ತದೆ. ತಿರುವು ಬೇಕೆನ್ನುವವರು ಮಗನನ್ನು ಮಗಳು ಮಾಡುತ್ತಾರೆ, ಅಮೆರಿಕವನ್ನು ಆಸ್ಟ್ರೇಲಿಯ ಮಾಡುತ್ತಾರೆ.

ಅದರ ಬದಲು ಈ ಮನೆಯೊಳಗೆ ಸ್ವಲ್ಪ ಹೊತ್ತು ಇರಿ. ನವೆಂಬರ್ ತಿಂಗಳಲ್ಲಿ ಪಿಂಚಣಿದಾರ ಅಪ್ಪ ತಾನು ಬದುಕಿದ್ದೇನೆ ಎಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. ಬೆರಳಚ್ಚು ಯಂತ್ರ ಸವೆದ ಬೆರಳನ್ನು ಒಪ್ಪುವುದಿಲ್ಲ. ಒರೆಸಿ ಒರೆಸಿ ಮತ್ತೆ ಒತ್ತುತ್ತಾನೆ. ಇಲ್ಲಿ ಹತ್ತರಲ್ಲಿ ಒಂಬತ್ತು ಜನ ಆ ಯಂತ್ರವನ್ನು ಕರುಣರಸಕ್ಕೆ ಬಳಸಿ ಮುಗಿಸುತ್ತಾರೆ. ನಾನಾದರೆ ಅಮ್ಮನ ಕಡೆ ನೋಡುತ್ತೇನೆ. ಡಿಸೆಂಬರಿನಲ್ಲಿ ಮಗ ಸೊಸೆ ಮೊಮ್ಮಕ್ಕಳು ಬರುತ್ತಾರೆ ಎಂದು ತಿಳಿದಾಗ ಅವಳಿಗೆ ನಿಜವಾಗಿ ಏನನಿಸುತ್ತದೆ? ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಒಂದು ಸಾರು, ಸಂಜೆ ದೇವಸ್ಥಾನದ ಕಟ್ಟೆಯ ಗೆಳತಿಯರು. ನಲವತ್ತು ವರ್ಷ ಒಲೆ ಬಿಡದವಳಿಗೆ ಈಗಷ್ಟೇ ಸಿಕ್ಕ ಬಿಡುವು ಅದು. ಮೂರು ವಾರ ಮತ್ತೆ ಹೋಳಿಗೆ, ಕೋಡುಬಳೆ, ಮೊಮ್ಮಗನಿಗೆ ಖಾರವಿಲ್ಲದ ಬೇರೆ ಅಡುಗೆ. ಬರಬೇಡ ಎಂದು ಹೇಳಲಾರಳು, ಬರಲಿ ಎಂದು ಹಂಬಲಿಸುವುದೂ ಸುಳ್ಳಲ್ಲ. ಊರಿನವರೆಲ್ಲ ಅವಳಿಗಾಗಿ ಮರುಗುತ್ತಿರುವಾಗ ಆ ಮರುಕಕ್ಕೆ ತಕ್ಕ ಮುಖ ಇಟ್ಟುಕೊಳ್ಳುವುದೇ ಅವಳಿಗೊಂದು ಕೆಲಸ. ಇನ್ನು ಮಗನೋ, ಅಮ್ಮ ತನಗಾಗಿ ಕಾದು ಕೊರಗುತ್ತಿದ್ದಾಳೆ ಎಂಬ ಪಾಪಪ್ರಜ್ಞೆಯಿಂದಲೇ ರಜೆ ಹೊಂದಿಸಿ ಸಾಲದ ಕಾರ್ಡಿನಲ್ಲಿ ಟಿಕೆಟ್ಟು ಕೊಂಡಿದ್ದಾನೆ.

ಇಬ್ಬರೂ ಒಬ್ಬರಿಗಾಗಿ ಒಬ್ಬರು ನಟಿಸುವ ಆ ಮೂರು ವಾರದ ಕಥೆಯಲ್ಲಿ ಯಾರೂ ಸಾಯಬೇಕಾಗಿಲ್ಲ. ಮನೆ ಅದೇ, ದೂರ ಅದೇ, ವಿಮಾನವೂ ಅದೇ. ಯಾರ ಪರ ನಿಲ್ಲಬೇಕು ಎಂಬುದು ಮಾತ್ರ ಓದುಗನಿಗೆ ಗೊತ್ತಾಗುವುದಿಲ್ಲ, ಬರೆಯುವವನಿಗೂ ಗೊತ್ತಿರಬಾರದು. ಕೊನೆಯ ದಿನ ಸೂಟ್‌ಕೇಸು ತೂಗುವಾಗ ಚಟ್ನಿಪುಡಿಯ ಡಬ್ಬಿ ಹೆಚ್ಚಾಗಿ, ಅದನ್ನು ತೆಗೆದಿಡುವವರು ಯಾರು, ಬೇಡ ಬೇಡ ಇರಲಿ ಎನ್ನುವವರು ಯಾರು ಎಂಬುದನ್ನು ಬರೆಯುತ್ತಲೇ ಕಂಡುಕೊಳ್ಳಬೇಕು.