ದೇವರಕಾಡಿನ ಗಡಿ ದಾಟಿದ ಮೇಲೆ

1920ರ ದಶಕ, ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯ. ಗುಡ್ಡಗಳೆಲ್ಲ ಬೋಳು, ಮೈತುಂಬ ಕೊರಕಲು. ಅಲ್ಲೊಂದು ಇಲ್ಲೊಂದು ಬೌದ್ಧ ಗುಡಿಯ ಸುತ್ತ ಮಾತ್ರ ದಟ್ಟ ಕಾಡು. ಗುಡಿಯದೆಂಬ ಕಾರಣಕ್ಕೆ ಭಿಕ್ಷುಗಳು ಅಲ್ಲಿ ಯಾರಿಗೂ ಕೊಡಲಿ ಎತ್ತಲು ಬಿಡುತ್ತಿರಲಿಲ್ಲ. ಕೊಡಗಿನ ದೇವರಕಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾಲ್ಟರ್ ಲೌಡರ್‌ಮಿಲ್ಕ್ ಎಂಬ ಅಮೆರಿಕದ ಅರಣ್ಯ ವಿಜ್ಞಾನಿ ತನ್ನ ಅಳತೆಯ ಸರಂಜಾಮು ಹೊತ್ತು ಬಂದದ್ದು ಇಂಥ ಕಾಡುಗಳಿಗೆ. ನಾನ್‌ಕಿಂಗ್ ವಿಶ್ವವಿದ್ಯಾಲಯದಲ್ಲಿದ್ದ ಆತನಿಗೆ ಒಪ್ಪಿಸಿದ್ದ ಕೆಲಸ ಬರಗಾಲ ತಡೆಯುವ ದಾರಿ ಹುಡುಕುವುದು. ಗುಡಿಯ ಕಾಡಿನೊಳಗೆ, ಉತ್ತ ಹೊಲದಲ್ಲಿ, ಮಣ್ಣು ತೊಳೆದುಹೋಗಿ ಪಾಳುಬಿದ್ದ ಇಳಿಜಾರಿನಲ್ಲಿ, ಹೀಗೆ ಮೂರೂ ಕಡೆ ಮಳೆಗಾಲದಲ್ಲಿ ನೀರೆಷ್ಟು ಹರಿಯಿತು, ಮಣ್ಣೆಷ್ಟು ಹೋಯಿತು ಎಂದು ಅಳೆದ. ಕಾಡಿಗಿಂತ ಹೊಲದಿಂದ ಎಷ್ಟೋ ಪಟ್ಟು ಹೆಚ್ಚು ಹರಿದುಹೋಗಿತ್ತು. ಆ ಸೀಮೆ ಬರಡಾದದ್ದು ಹವಾಮಾನ ಒಣಗಿದ್ದರಿಂದ ಎಂದು ಆಗಿನ ಕೆಲವು ಪಂಡಿತರು ವಾದಿಸುತ್ತಿದ್ದರು. ಅದೇ ಮಳೆಯಲ್ಲಿ ಗುಡಿಯ ಮರಗಳು ತಾವಾಗಿ ಸಸಿಯೊಡೆದು ಬೆಳೆಯುತ್ತಿದ್ದವು. ಅದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

1927ರ ಗಲಭೆಯಲ್ಲಿ ಚೀನಾ ಬಿಟ್ಟು ಬಂದವನು ಕ್ಯಾಲಿಫೋರ್ನಿಯಾದಲ್ಲಿ ಅದೇ ಕೆಲಸ ಮುಂದುವರಿಸಿದ. ತೊಟ್ಟಿಗಳಿಗೆ ಮಣ್ಣು ತುಂಬಿ, ಕೆಲವಕ್ಕೆ ತರಗೆಲೆ ಹೊದಿಸಿ, ಕೆಲವನ್ನು ಬರಿದೇ ಬಿಟ್ಟು ಕೃತಕ ಮಳೆ ಸುರಿಸಿದ. ತರಗೆಲೆ ನೀರನ್ನು ಹೀರಿಕೊಂಡು ಹಿಡಿದಿಡುತ್ತದೆ ಎಂಬುದು ಎಲ್ಲರ ಊಹೆ. ತೊಟ್ಟಿ ತೋರಿಸಿದ್ದು ಬೇರೆ. ಬರಿ ಮಣ್ಣಿಗೆ ಬಡಿದ ಹನಿ ಕಣಗಳನ್ನು ಸಿಡಿಸಿ ನೀರನ್ನು ರಾಡಿ ಮಾಡುತ್ತದೆ. ಆ ರಾಡಿಯೇ ಮಣ್ಣಿನ ಸಣ್ಣ ರಂಧ್ರಗಳನ್ನು ಮೆತ್ತಿಬಿಡುತ್ತದೆ. ಆಮೇಲೆ ನೀರಿಗೆ ಇಳಿಯಲು ದಾರಿಯಿಲ್ಲ, ಹರಿಯುತ್ತದೆ. ತರಗೆಲೆಯ ಕೆಲಸವೆಂದರೆ ನೀರು ತಿಳಿಯಾಗಿರುವಂತೆ ನೋಡಿಕೊಳ್ಳುವುದು.

ಇದೇ ಮನುಷ್ಯ 1939ರ ಜೂನ್‌ನಲ್ಲಿ ಜೆರುಸಲೇಮಿನ ರೇಡಿಯೋದಲ್ಲಿ ಬೈಬಲಿನ ಹತ್ತು ಆಜ್ಞೆಗಳಿಗೆ ಹನ್ನೊಂದನೆಯದೊಂದನ್ನು ಸೇರಿಸಿ ಓದಿದ. ಭೂಮಿ ಪವಿತ್ರ, ನೀನು ಅದರ ನಂಬಿಕಸ್ಥ ಪಾಲಕ ಮಾತ್ರ, ಹೊಲದ ಮಣ್ಣು ಕೊಚ್ಚಿಹೋಗದಂತೆ ಕಾದು ತಲೆಮಾರಿನಿಂದ ತಲೆಮಾರಿಗೆ ದಾಟಿಸು ಎಂಬುದು ಅದರ ತಿರುಳು. ಮುಂದೆ ಮಣ್ಣಿಗೆ ಹೀಗೆಲ್ಲ ಆಗುತ್ತದೆಂದು ಆ ಹತ್ತನ್ನು ತಂದ ಮೋಶೆಗೆ ಕಂಡಿದ್ದರೆ ಹತ್ತಕ್ಕೇ ನಿಲ್ಲುತ್ತಿರಲಿಲ್ಲ ಎಂಬುದು ಆತನ ನಂಬಿಕೆ.

ಅಳತೆಯ ಮನುಷ್ಯನಿಗೆ ಆಜ್ಞೆ ಏಕೆ ಬೇಕಾಯಿತು? ಹತ್ತರಲ್ಲಿ ಕದಿಯಬೇಡ ಎಂಬುದೂ ಇದೆ. ಆದರೆ ಮಣ್ಣು ಹೋದಾಗ ಕಳ್ಳ ಯಾರು? ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ಸುಮಾರು 133 ಟಿಎಂಸಿ ಸಾಮರ್ಥ್ಯವಿತ್ತು, ಈಗ 105ರ ಆಸುಪಾಸು. ನಡುವಿನ ವ್ಯತ್ಯಾಸವೆಲ್ಲ ಹೂಳು. ಅದರಲ್ಲಿ ಯಾರ ಹೊಲದ ಪಾಲು ಎಷ್ಟೆಂದು ಯಾವ ನ್ಯಾಯಾಲಯವೂ ಬಿಡಿಸಲಾರದು. ತಪ್ಪು ಮಾಡಿದೆನೆಂದು ಯಾರ ಮನಸ್ಸಿಗೂ ಚುಚ್ಚಿಲ್ಲ. ನಷ್ಟ ಆಗಿದೆ, ಅದನ್ನು ಹೊರುವವರಲ್ಲಿ ಬಹುಪಾಲು ಜನ ಇನ್ನೂ ಹುಟ್ಟಿಲ್ಲ.

ಇಲ್ಲಿಯೇ ನಿಜವಾದ ತೊಡಕು ಇರುವುದು. ಭಿಕ್ಷುಗಳ ಭಕ್ತಿ ಮಣ್ಣು ಉಳಿಸಿತು, ಆದರೆ ಕಾಡಿನ ಗಡಿಯವರೆಗೆ ಮಾತ್ರ. ಮುಟ್ಟದಿರುವುದೇ ಅಲ್ಲಿ ಪಾವಿತ್ರ್ಯ. ಗಡಿಯಾಚೆ ಹೊಲ, ಮುಟ್ಟದೆ, ಸೀಳದೆ ಅಲ್ಲಿ ಅನ್ನವಿಲ್ಲ. ನೇಗಿಲಿನಿಂದ ಸೀಳಲೇಬೇಕಾದ್ದನ್ನು ಪವಿತ್ರವೆಂದು ಕಾಯುವುದು ಹೇಗೆ? ಸೀಗೆ ಹುಣ್ಣಿಮೆಗೆ ಬಸುರಿ ಭೂತಾಯಿಗೆ ಬಯಕೆಯ ಅಡುಗೆ ಒಯ್ಯುವ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಾಡಿಗೆ ಈ ಪ್ರಶ್ನೆ ಹೊರಗಿನದಲ್ಲ. ಆ ಭಕ್ತಿ ಸುಳ್ಳೂ ಅಲ್ಲ. ಆದರೆ ಹಬ್ಬದ ದಿನದ ಕೈಮುಗಿತ ಮಳೆಯ ದಿನದ ರಾಡಿಯನ್ನು ತಡೆಯುವುದಿಲ್ಲ. ಲೌಡರ್‌ಮಿಲ್ಕ್ ಪಾವಿತ್ರ್ಯವನ್ನು ಪೂಜೆಯಿಂದ ದುಡಿಮೆಯೊಳಕ್ಕೆ ತರಲು ಹೊರಟ. ದೊಡ್ಡ ಮಾತೆಂದರೆ ಅದೇ.

ಬಳ್ಳಾರಿಯ ಎರೆಹೊಲಗಳಲ್ಲಿ ಆ ದುಡಿಮೆ ಹೇಗಿರುತ್ತದೆಂದು ಕಾಣಬಹುದು. 1954ರಿಂದ ಅಲ್ಲಿ ಮಣ್ಣು-ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರವಿದೆ. ಎರೆಭೂಮಿಯಲ್ಲಿ ಬಿತ್ತನೆ ಹಿಂಗಾರಿಗೆ. ಅಲ್ಲಿಯವರೆಗೆ ಹೊಲ ಬರಿದು, ಜೋರು ಮಳೆ ಬೀಳುವುದೂ ಆ ಬರಿ ಮೈಮೇಲೆಯೇ. ನೆನೆದು ಉಬ್ಬಿದ ಎರೆ ಬಿರುಕು ಮುಚ್ಚಿಕೊಂಡು ನೀರನ್ನು ಬೇಗ ಒಳಬಿಡುವುದಿಲ್ಲ. ಆಗ ಕುಂಟೆ ಯಾವ ದಿಕ್ಕಿಗೆ ಹೊಡೆದಿದ್ದಾರೆಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಇಳಿಜಾರಿನ ಉದ್ದಕ್ಕೆ ಹರಗಿದ್ದರೆ ಪ್ರತಿ ಸಾಲೂ ಒಂದು ಕಾಲುವೆ. ಅಡ್ಡಕ್ಕೆ ಹರಗಿದ್ದರೆ ಪ್ರತಿ ಸಾಲೂ ಒಂದು ಪುಟ್ಟ ಬದು, ಮಳೆ ನಿಂತ ಮೇಲೂ ಸಾಲಿನಲ್ಲಿ ಬೆರಳುದ್ದ ನೀರು ಮೆಲ್ಲಗೆ ಇಂಗುತ್ತಿರುತ್ತದೆ.