ಭ್ರೂಣದ ನೋವು ಮತ್ತು ಕರ್ಮದ ಪ್ರಶ್ನೆ

2006ರಲ್ಲಿ ಚಿಕುನ್‌ಗುನ್ಯಾದಿಂದ ತತ್ತರಿಸಿದ್ದ ಕಲಬುರಗಿಗೆ ಹೆಚ್ಚು ದೂರವಲ್ಲದ ರಾಯಚೂರಿನಲ್ಲಿ 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ದೃಢಪಟ್ಟಿತು. ಹಗಲು ಕಚ್ಚುವ ಈಡಿಸ್ ಸೊಳ್ಳೆ ಹರಡುವ ಈ ವೈರಾಣು ಗರ್ಭಿಣಿಗೆ ತಗುಲಿದರೆ, ಮಾಸನ್ನು ದಾಟಿ ಭ್ರೂಣದ ಎಳೆಯ ನರಕೋಶಗಳನ್ನು ಕೊಲ್ಲಬಲ್ಲದು. ಆಗ ಶಿಶು ಮೈಕ್ರೋಸೆಫಲಿಯೊಂದಿಗೆ, ಅಂದರೆ ಮೆದುಳು ಸರಿಯಾಗಿ ಬೆಳೆಯದೆ ತಲೆಯೂ ಕಿರಿದಾಗಿ ಉಳಿದ ಸ್ಥಿತಿಯಲ್ಲಿ, ಹುಟ್ಟಬಹುದು. ಏನನ್ನೂ ಮಾಡದ ಜೀವಕ್ಕೆ ಈ ನೋವು ಯಾವ ಕರ್ಮದ ಫಲ? (ಪ್ರಶ್ನೆಯ ಭಾರ ಬಹುಪಾಲು ತಾಯಿಯ ತಲೆಗೇ ಬೀಳುತ್ತದೆ.) ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ-ಕನಗನಹಳ್ಳಿಯ ಸ್ತೂಪವು ಯಾವ ಧರ್ಮಕ್ಕೆ ಸಾಕ್ಷಿಯೋ ಆ ಬೌದ್ಧಧರ್ಮದ ಸಂಯುತ್ತ ನಿಕಾಯದಲ್ಲಿ, ಎಲ್ಲ ವೇದನೆಯೂ ಪೂರ್ವಕರ್ಮದ್ದೆಂಬ ಮಾತನ್ನು ಬುದ್ಧನು ಸೀವಕನೆಂಬ ಪರಿವ್ರಾಜಕನೆದುರು ನಿರಾಕರಿಸುತ್ತಾನೆ; ಅವನ ಪ್ರಕಾರ ಪಿತ್ತ, ಕಫ, ವಾತ, ಋತುವ್ಯತ್ಯಾಸ ಮೊದಲಾದ ಎಂಟು ಕಾರಣಗಳಲ್ಲಿ ಕರ್ಮವು ಒಂದು ಮಾತ್ರ. ಈ ವಿವೇಚನೆಯನ್ನು ಒಪ್ಪಿದರೆ ಅದೇ ಜಿಲ್ಲೆಯ ಸೇಡಂ, ಚಿಂಚೋಳಿ, ವಾಡಿ, ಶಹಾಬಾದಗಳಲ್ಲಿ ಕಾರಣವನ್ನು ಹುಡುಕಬೇಕಾದದ್ದು ಹಿಂದಿನ ಜನ್ಮದಲ್ಲಲ್ಲ, ಈಡಿಸ್ ಮೊಟ್ಟೆಯಿಡುವ ಮುಚ್ಚದ ಪೀಪಾಯಿಗಳಲ್ಲಿ.