ಕಾಲಚಕ್ರದ ಒಂದು ಹಲ್ಲು

ಕಾಲವು ಭಗವಂತನ ಸ್ವರೂಪವೆಂಬುದು ಆಸ್ತಿಕರ ನಂಬಿಕೆ. ಗೀತೆಯ 11ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಾನೇ ಕಾಲನೆಂದು ಅರ್ಜುನನಿಗೆ ತಿಳಿಸುತ್ತಾನೆ. ಆದುದರಿಂದಲೇ ಪ್ರಾಚೀನರಿಗೆ ಕಾಲವನ್ನಳೆಯುವ ಕಾರ್ಯವೂ ಪೂಜೆಯ ಅಂಗವಾಗಿತ್ತು.

ಶೃಂಗೇರಿಯ ತುಂಗಾತೀರದಲ್ಲಿರುವ ವಿದ್ಯಾಶಂಕರ ದೇವಾಲಯದ ಮಂಟಪದಲ್ಲಿ 12 ಕಂಬಗಳಿವೆ. ಒಂದೊಂದರಲ್ಲಿಯೂ ಒಂದೊಂದು ರಾಶಿಯ ಚಿಹ್ನೆಯುಂಟು. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ರಾಶಿಯ ಕಂಬವನ್ನು ಬೆಳಗಿನ ಕಿರಣ ಮುಟ್ಟುವಂತೆ ಶಿಲ್ಪಿಗಳು ಯೋಜಿಸಿದರೆಂಬುದು ಪ್ರತೀತಿ. ಅಲ್ಲಿ ಚಕ್ರವಿಲ್ಲ, ಮುಳ್ಳಿಲ್ಲ, ಕಲ್ಲೇ ಪಂಚಾಂಗ.

ಅದೇ ದ್ವಾದಶ ರಾಶಿಗಳನ್ನು ಯುರೋಪಿನ ಕುಶಲಕರ್ಮಿಗಳು ಯಂತ್ರದಲ್ಲಿ ತಿರುಗಿಸಿದರು. ಪ್ರಾಗ್ ನಗರದ ಹಳೆಯ ಪುರಭವನದ ಗೋಡೆಯಲ್ಲಿ 1410ರಲ್ಲಿ ಮಿಕುಲಾಶನೆಂಬ ಗಡಿಯಾರ ಕುಶಲಕರ್ಮಿ ನಿರ್ಮಿಸಿದ ಖಗೋಳ ಗಡಿಯಾರವು ಹಲವು ಬಾರಿ ದುರಸ್ತಿಗೊಂಡು ಇಂದಿಗೂ ನಡೆಯುತ್ತಿದೆ. ಅದರ ಮೂರು ಹಿರಿಯ ಚಕ್ರಗಳು ಒಂದೇ ಅಳತೆಯವು. ಆದರೆ ರಾಶಿಚಕ್ರಕ್ಕೆ 365 ಹಲ್ಲು, ಸೂರ್ಯನ ಚಕ್ರಕ್ಕೆ 366, ಚಂದ್ರನ ಚಕ್ರಕ್ಕೆ 379. ಒಂದು ಹಲ್ಲು ಹೆಚ್ಚಿರುವುದರಿಂದ ಸೂರ್ಯನು ಪ್ರತಿದಿನವೂ ರಾಶಿಚಕ್ರಕ್ಕಿಂತ ಕಿಂಚಿತ್ತು ಹಿಂದುಳಿಯುತ್ತಾನೆ. ದಿನದ ಆ ಅಂತರವನ್ನು ಕಣ್ಣು ಗುರುತಿಸಲಾರದು. ಆದರೂ ವರ್ಷ ತುಂಬುವಷ್ಟರಲ್ಲಿ ಆತನು 12 ರಾಶಿಗಳನ್ನೂ ಸುತ್ತಿ ಬಂದಿರುತ್ತಾನೆ!

ಅನಂತರದ ಕಾಲದಲ್ಲಿ ಅದಕ್ಕೆ ಬೊಂಬೆಗಳು ಸೇರಿದವು. ತಾಸು ತುಂಬಿದಾಗ ಅಸ್ಥಿಪಂಜರರೂಪಿಯಾದ ಮೃತ್ಯುವು ಹಗ್ಗವೆಳೆದು ಗಂಟೆ ಬಾರಿಸುತ್ತದೆ. ಕನ್ನಡಿ ಹಿಡಿದ ಡಂಭಗಾರನೂ ಹಣದ ಚೀಲ ಹಿಡಿದ ಲೋಭಿಯೂ 'ಈಗಲೇ ಬೇಡ' ಎಂಬಂತೆ ತಲೆಯಲ್ಲಾಡಿಸುತ್ತಾರೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗನಿಗೆ ನಿಮಿಷದ ಬೆಲೆಯನ್ನು ಬೋಧಿಸಬೇಕಾಗಿಲ್ಲ. ಬೆಳಗಿನ ಲೋಕಲ್ ಗಾಡಿಯೇ ಅವನ ಗುರು. ಆದರೆ ದೇವರ ಮುಂದೆ ಕೂರುವ ಮಾತು ಬಂದಾಗ, ಊರಿನಲ್ಲಿರುವ ತಾಯಿಯ ಕ್ಷೇಮ ವಿಚಾರಿಸುವ ಮಾತು ಬಂದಾಗ, ಮಕ್ಕಳಿಗೆ ಕನ್ನಡದಲ್ಲೊಂದು ಸ್ತೋತ್ರ ಕಲಿಸುವ ಮಾತು ಬಂದಾಗ ಅವನೂ ತಲೆಯಲ್ಲಾಡಿಸುತ್ತಾನೆ: 'ಈಗ ಬಿಡುವಿಲ್ಲ, ನಿವೃತ್ತಿಯಾಗಲಿ.' ಲೋಭಿಯ ಚೀಲದಲ್ಲಿರುವುದು ಹಣ. ಇವನ ಚೀಲದಲ್ಲಿರುವುದು ನಿಮಿಷಗಳು. ನಿವೃತ್ತಿಯವರೆಗೆ ತಾಯಿ ಕಾದಿರುವಳೇ? ಮಕ್ಕಳು ಮಕ್ಕಳಾಗಿಯೇ ಉಳಿದಿರುವರೇ?

ದೇವರು ಇಡೀ ದಿನವನ್ನು ಕೇಳುವುದಿಲ್ಲ. ದಿನಕ್ಕೊಂದು ಹಲ್ಲಿನಷ್ಟು ಅವಕಾಶ ಸಾಕು. ದೀಪ ಹಚ್ಚಿ ಕೈಮುಗಿಯುವ ಎರಡು ನಿಮಿಷ, ಗಾಡಿಯ ಜನಜಂಗುಳಿಯಲ್ಲಿ ಮನಸ್ಸಿನಲ್ಲೇ ನಡೆಯುವ ನಾಮಸ್ಮರಣೆ, ತಾಯಿಯೊಡನೆ ನಾಲ್ಕು ಮಾತು ಇವು ಅಂದಂದಿಗೆ ಅಲ್ಪವೆನಿಸಿದರೂ ವರ್ಷಾಂತ್ಯದಲ್ಲಿ ಪೂರ್ಣ ಪ್ರದಕ್ಷಿಣೆಯಾಗುತ್ತವೆ.

ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮವಿಡುವ ಗೃಹಸ್ಥನು ಗೋಡೆಯ ಗಡಿಯಾರಕ್ಕೂ ಒಂದು ಹೂ ಮುಡಿಸಲಿ. ಮುಡಿಸುವಾಗ, ಅದು ಎಣಿಸುತ್ತಿರುವುದು ಯಾರ ಆಯುಷ್ಯವೆಂದು ನೆನೆಯಲಿ. ಕಾಲರೂಪಿಣಿಯಾದ ಜಗನ್ಮಾತೆ ಸರ್ವರಿಗೂ ಆ ಎಚ್ಚರವನ್ನು ಕರುಣಿಸಲಿ.